ತೂಕ ಇಳಿಸುವ ಸಪ್ಲಿಮೆಂಟ್: ಮಾತ್ರೆಯ ಪಾಲು ಎಷ್ಟು ಅಂತ ನಾನು ಅಳೆದಿದ್ದು ಹೀಗೆ

ತೂಕ ಇಳಿಸುವ ಸಪ್ಲಿಮೆಂಟ್ ಡಬ್ಬಿಗಳ ಮೇಲೆ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಮಿತವಾದ ಆಹಾರ ಮತ್ತು ವ್ಯಾಯಾಮದ ಜೊತೆ ಬಳಸಿ. ಊಟ ಕಡಿಮೆ ಮಾಡಿ ದಿನಾ ನಡೆದರೆ ತೂಕ ಹೇಗೂ ಇಳಿಯುತ್ತದೆ, ಅಲ್ವಾ? ಹಾಗಾದರೆ ಮಾತ್ರೆ ಮಾಡುವ ಕೆಲಸ ಯಾವುದು? ಅದನ್ನು ಬೇರೆ ಮಾಡಿ ನೋಡೋಣ ಅಂತ ಹೊರಟೆ.

ಮೊದಲ ಕೆಲವು ವಾರ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ಊಟದ ಅಳತೆ ಇಳಿಸಿದೆ, ನಡೆದೆ, ತಿಂದದ್ದನ್ನೆಲ್ಲ ಬರೆದಿಟ್ಟೆ. ತೂಕ ಇಳಿಯುವ ವೇಗ ಒಂದು ಹದಕ್ಕೆ ಬಂದ ಮೇಲೆ, ಬೇರೇನೂ ಬದಲಿಸದೆ, ಒಂದೊಂದೇ ಸಪ್ಲಿಮೆಂಟ್ ಸೇರಿಸಿದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಕೊಟ್ಟೆ. ನನಗೆ ಬೇಕಿದ್ದ ಉತ್ತರ ಒಂದೇ: ವೇಗ ಹೆಚ್ಚಾಯಿತೋ ಇಲ್ಲವೋ?

ತೂಕ ನೋಡುತ್ತಿದ್ದಿದ್ದು ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ. ಒಂದು ದಿನದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ವಾರದ ಸರಾಸರಿ ಮಾತ್ರ. ಯಾಕೆಂದರೆ ಉಪ್ಪು ಸ್ವಲ್ಪ ಜಾಸ್ತಿಯಾದರೂ ಮರುದಿನ ತೂಕ ಏರಿರುತ್ತದೆ. ಅದು ಕೊಬ್ಬಲ್ಲ, ನೀರು. ದೇಹ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರ ಈ ನೀರೇ ಹೊರಗೆ ಹೋಗುತ್ತದೆ. ಬಹಳ ಜನ ಡಬ್ಬಿ ತೆರೆಯುವುದೂ ಅದೇ ವಾರ. ಹೆಸರೆಲ್ಲ ಮಾತ್ರೆಗೆ! ಕೊಬ್ಬಿನ ಲೆಕ್ಕ ಬೇರೆಯೇ ಇದೆ. 1 ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು.

ಶುರು ಮಾಡುವ ಮುಂಚೆ ನನ್ನ ಪಟ್ಟಿಯನ್ನು ವೈದ್ಯರಿಗೆ ತೋರಿಸಿದೆ. ಅವರು ಎರಡನ್ನು ಹೊಡೆದು ಹಾಕಿದರು. ಒಂದು ಗಾರ್ಸಿನಿಯಾ, ಅಂದರೆ ಉಪ್ಪಾಗೆ ಹಣ್ಣಿನ ಸಿಪ್ಪೆಯ ಸಾರ. ಇದನ್ನು ತಗೊಂಡವರಲ್ಲಿ ಕೆಲವರಿಗೆ ಲಿವರ್ ಕೆಟ್ಟ ವರದಿಗಳಿವೆ. ಲಾಭವಾದರೂ ಇದೆಯೇ? 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದ್ದರು. ಕೆಲವರಿಗೆ ಗಾರ್ಸಿನಿಯಾ, ಉಳಿದವರಿಗೆ ಔಷಧಿ ಇಲ್ಲದ ಡಮ್ಮಿ ಮಾತ್ರೆ. ತೂಕ ಎರಡೂ ಗುಂಪಿನಲ್ಲಿ ಇಳಿಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಗ್ರೀನ್ ಟೀ ಸಾರದ ಕ್ಯಾಪ್ಸೂಲ್. ಕುಡಿಯುವ ಗ್ರೀನ್ ಟೀಗೆ ಅವರ ತಕರಾರಿರಲಿಲ್ಲ. ಆದರೆ ಕ್ಯಾಪ್ಸೂಲಿನಲ್ಲಿ ಅದರ ಇಜಿಸಿಜಿ ಅನ್ನುವ ಅಂಶ ಗಟ್ಟಿಯಾಗಿ ಸೇರಿರುತ್ತದೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತಗೊಂಡರೆ ಲಿವರ್ ಎನ್‌ಜೈಮ್ ಏರಬಹುದು (ಲಿವರ್‌ಗೆ ಪೆಟ್ಟು ಬೀಳುತ್ತಿರುವುದರ ಸೂಚನೆ ಅದು) ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ.

ಉಳಿದವುಗಳಲ್ಲಿ ಮೊದಲು ಹಾಲು, ಮಾಂಸದಲ್ಲಿರುವ ಒಂದು ಬಗೆಯ ಕೊಬ್ಬಿನಂಶ ಸಿಎಲ್‌ಎ. ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದವರ ಪ್ರಕಾರ, ದಿನಕ್ಕೆ 3.2 ಗ್ರಾಂ ತಗೊಂಡರೆ ವಾರಕ್ಕೆ ಸುಮಾರು 90 ಗ್ರಾಂ ಕೊಬ್ಬು ಹೆಚ್ಚುವರಿಯಾಗಿ ಇಳಿಯುತ್ತದೆ. ನನ್ನ ತೂಕವೋ, ನೀರಿನಿಂದಲೇ ಒಂದು ಕಿಲೋ ಆಚೀಚೆ ಆಗುತ್ತಿತ್ತು. 90 ಗ್ರಾಂ ಅದರಲ್ಲಿ ಎಲ್ಲಿ ಕಾಣಬೇಕು? ‘ನನಗೆ ಕೆಲಸ ಮಾಡಿತು’ ಅಂತ ಯಾರಾದರೂ ಹೇಳಿದಾಗ ನನಗೆ ಈ 90 ಗ್ರಾಂ ನೆನಪಾಗುತ್ತದೆ.

ಆಮೇಲೆ ಕೆಫೀನ್ ಇರುವ ‘ಫ್ಯಾಟ್ ಬರ್ನರ್’. ಕೆಫೀನ್ ಕೆಲವು ಗಂಟೆ ದೇಹದ ಕ್ಯಾಲೊರಿ ಖರ್ಚನ್ನು ಸ್ವಲ್ಪ ಏರಿಸುವುದು ನಿಜ. ನನಗೆ ಏರಿದ್ದು ಎದೆಬಡಿತ, ಹೋಗಿದ್ದು ನಿದ್ದೆ. ತಿಂದದ್ದನ್ನು ಬರೆದಿಟ್ಟಿದ್ದ ಪುಸ್ತಕ ತಿರುವಿ ನೋಡಿದರೆ, ನಿದ್ದೆ ಕೆಟ್ಟ ಮರುದಿನವೆಲ್ಲ ಸಂಜೆಯ ತಿಂಡಿ ಜಾಸ್ತಿಯಾಗಿತ್ತು. ಮಾತ್ರೆ ಸುಟ್ಟಿದ್ದನ್ನು ನಾನು ವಾಪಸ್ ತುಂಬುತ್ತಿದ್ದೆ. ಡಬ್ಬಿ ಮುಗಿಸದೆಯೇ ನಿಲ್ಲಿಸಿದೆ.

ನನಗೆ ಹಿಡಿಸಿದ್ದು ಗ್ಲುಕೋಮನ್ನಾನ್. ಕೊಂಜಾಕ್ ಗಡ್ಡೆಯ ನಾರು ಇದು, ನೀರು ಕುಡಿದು ಹೊಟ್ಟೆಯಲ್ಲಿ ಉಬ್ಬುತ್ತದೆ. ಇಲ್ಲಿ ನನ್ನ ಪರೀಕ್ಷೆಯ ಕ್ರಮ ಬದಲಾಯಿಸಬೇಕಾಯಿತು. ಈ ನಾರು ಕೊಬ್ಬು ಕರಗಿಸುವುದಿಲ್ಲ, ಹಸಿವು ತಗ್ಗಿಸುತ್ತದೆ ಅಷ್ಟೆ. ಊಟ ಅಳೆದೇ ತಿಂದರೆ ಇದರ ಕೆಲಸ ಗೊತ್ತಾಗುವುದೇ ಇಲ್ಲ. ಹಾಗಾಗಿ ಅಳತೆ ಬಿಟ್ಟು, ಹೊಟ್ಟೆ ತುಂಬುವವರೆಗೆ ತಿಂದು, ತಿಂದದ್ದನ್ನು ಬರೆದೆ. ನಾರು ತಗೊಂಡ ದಿನ ಎರಡನೇ ಸಲ ಬಡಿಸಿಕೊಳ್ಳುವುದು ತಾನಾಗಿ ಕಡಿಮೆಯಾಗಿತ್ತು. ಯುರೋಪಿನ ಅದೇ ಸಂಸ್ಥೆ ಇದಕ್ಕೆ 2010ರಲ್ಲಿ ಒಪ್ಪಿಗೆಯ ಮಾತು ಹೇಳಿತ್ತು. ದಿನಕ್ಕೆ 3 ಗ್ರಾಂ, ಅದನ್ನು 1 ಗ್ರಾಂನಂತೆ ಮೂರು ಸಲ, ಊಟಕ್ಕೆ ಮುಂಚೆ, 1-2 ಲೋಟ ನೀರಿನ ಜೊತೆ. ಕಡಿಮೆ ಕ್ಯಾಲೊರಿಯ ಊಟವೂ ಜೊತೆಗಿರಬೇಕು ಅನ್ನುವ ಷರತ್ತು ಇಲ್ಲಿಯೂ ಇದೆ. ನೀರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಗಂಟಲಲ್ಲೇ ಉಬ್ಬಿಕೊಂಡರೆ ಉಸಿರು ಕಟ್ಟುವ ಅಪಾಯವಿದೆ. ನುಂಗಲು ಕಷ್ಟ ಇರುವವರು ಇದರ ಹತ್ತಿರ ಹೋಗಬಾರದು. ಬೇರೆ ಔಷಧಿ ತಗೊಳ್ಳುವವರು ಎಷ್ಟು ಗಂಟೆ ಅಂತರ ಬೇಕು ಅಂತ ವೈದ್ಯರನ್ನು ಕೇಳಿಕೊಳ್ಳಬೇಕು, ಔಷಧಿ ಈ ನಾರಿನಲ್ಲಿ ಸಿಕ್ಕಿಕೊಂಡು ರಕ್ತಕ್ಕೆ ಸರಿಯಾಗಿ ಸೇರದೆ ಹೋಗಬಹುದು. ಮೊದಮೊದಲು ನನಗೆ ಹೊಟ್ಟೆಯುಬ್ಬರ, ಗ್ಯಾಸ್ ಎರಡೂ ಇದ್ದವು.

ಪ್ರೋಟೀನ್ ಪುಡಿಯನ್ನೂ ನೋಡಿದೆ. ಪ್ರೋಟೀನಿನ ಕ್ಯಾಲೊರಿಯಲ್ಲಿ ನೂರಕ್ಕೆ 20ರಿಂದ 30ರಷ್ಟು ಅದನ್ನು ಅರಗಿಸುವುದಕ್ಕೇ ಖರ್ಚಾಗುತ್ತದೆ, ಕೊಬ್ಬಿಗಾದರೆ 0ಯಿಂದ 3 ಮಾತ್ರ. ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿರುತ್ತದೆ. ಆದರೆ ಪುಡಿಯಲ್ಲೂ ಕ್ಯಾಲೊರಿ ಇದೆ. ಸಂಜೆಯ ತಿಂಡಿಯ ಬದಲು ಕುಡಿದಾಗ ಉಪಯೋಗವಾಯಿತು. ತಿಂಡಿಯನ್ನೂ ತಿಂದು ಇದನ್ನೂ ಕುಡಿದರೆ ತೂಕ ಏರುತ್ತದೆ ಅಷ್ಟೆ.

ಬೇಗ ಇಳಿಸುತ್ತೇವೆ ಅನ್ನುವ ಮಾತ್ರೆಗಳನ್ನು ಪಟ್ಟಿಗೇ ಸೇರಿಸಿರಲಿಲ್ಲ. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ‘ನೈಸರ್ಗಿಕ’ ಮಾತ್ರೆಗಳಲ್ಲಿ ಸಿಬುಟ್ರಮಿನ್ ಬೆರೆಸಿದ್ದನ್ನು ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಇದೆ ಅಂತ ಅಲ್ಲಿನ ಮಾರುಕಟ್ಟೆಯಿಂದ 2010ರಲ್ಲಿ ತೆಗೆದ ಔಷಧಿ ಅದು. ಎಫೆಡ್ರಾ ಅನ್ನುವ ಉತ್ತೇಜಕ ಗಿಡಮೂಲಿಕೆ ಇರುವ ಸಪ್ಲಿಮೆಂಟ್‌ಗಳನ್ನು ಅವರು 2004ರಲ್ಲೇ ನಿಷೇಧಿಸಿದ್ದರು. ಹಾಗಾಗಿ ಮಾತ್ರೆಯೊಂದು ತುಂಬಾ ಚೆನ್ನಾಗಿ ಕೆಲಸ ಮಾಡಿದರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ.

ಈಗ ನಾರನ್ನು ಆಗಾಗ ತಗೊಳ್ಳುತ್ತೇನೆ, ತಿಂದದ್ದನ್ನು ಬರೆಯುವುದನ್ನು ದಿನಾ ಮಾಡುತ್ತೇನೆ. ನಿಮ್ಮ ಡಬ್ಬಿಯಲ್ಲಿ ಬಯೋಟಿನ್ ಅನ್ನುವ ಬಿ ವಿಟಮಿನ್ ಇದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಕೂದಲು, ಚರ್ಮಕ್ಕೆ ಒಳ್ಳೆಯದು ಅಂತ ಮಲ್ಟಿವಿಟಮಿನ್‌ಗಳಲ್ಲಿ ಸೇರಿಸಿರುತ್ತಾರೆ. ಡೋಸ್ ಜಾಸ್ತಿಯಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು. ತೂಕ ಯಾಕೆ ಇಳಿಯುತ್ತಿಲ್ಲ ಅಂತ ಆ ಪರೀಕ್ಷೆ ಮಾಡಿಸುವವರು ಬಹಳ. ರಕ್ತ ಕೊಡುವ ಮುಂಚೆಯೇ ಏನೇನು ತಗೊಳ್ಳುತ್ತಿದ್ದೀರಿ ಅಂತ ವೈದ್ಯರಿಗೆ, ಲ್ಯಾಬ್‌ನವರಿಗೆ ಹೇಳಿಬಿಡಿ.