ಪಿಡಿಟಿ ಕೊಡುವಾಗ: ಕೋಲ್ಡ್ ಲೇಸರ್, ಸೂಜಿ, ಬಿಸಿಲು

ಪಿಡಿಟಿ (ಫೋಟೋಡೈನಾಮಿಕ್ ಥೆರಪಿ) ಅಂದರೆ ಬೆಳಕಿಗೆ ಚುರುಕಾಗುವ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಕಣ್ಣಿಗೆ ಲೇಸರ್ ಬಿಡುವ ಚಿಕಿತ್ಸೆ. ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗಳು ಬಂದ ಮೇಲೆ ವಯಸ್ಸಾದವರ ಒದ್ದೆ ಮ್ಯಾಕುಲಾ ಕಾಯಿಲೆಗೆ (ರೆಟಿನಾದ ನಡುಭಾಗದಲ್ಲಿ ರಕ್ತನಾಳ ಸೋರುವುದು) ಇದು ಮೊದಲ ಆಯ್ಕೆಯಾಗಿ ಉಳಿದಿಲ್ಲ. ಈಗ ಶಿವಮೊಗ್ಗದಲ್ಲಿ ಇದು ನಮಗೆ ಬೇಕಾಗುವುದು ಬಹುಪಾಲು ಪಾಲಿಪಾಯ್ಡಲ್ ಕಣ್ಣುಗಳಿಗೆ (ರೆಟಿನಾದ ಅಡಿಯ ರಕ್ತನಾಳಗಳು ಗುಳ್ಳೆಯಂತೆ ಉಬ್ಬಿದವು), ಅದೂ ಇಂಜೆಕ್ಷನ್ ಜೊತೆಗೆ.

ಇದರ ಔಷಧಿ ವರ್ಟೆಪೋರ್ಫಿನ್. ಒಂದು ವೈಯಲ್‌ನಲ್ಲಿ 15 ಮಿಗ್ರಾಂ ಪುಡಿ ಇರುತ್ತದೆ. 7 ಮಿಲಿ ಸ್ಟೆರೈಲ್ ವಾಟರ್ ಬೆರೆಸಿದರೆ ಪುಡಿಯೂ ಸೇರಿ 7.5 ಮಿಲಿ ಕಡುಹಸಿರು ದ್ರಾವಣ, ಮಿಲಿಗೆ 2 ಮಿಗ್ರಾಂ. ಡೋಸ್ ಮೈ ವಿಸ್ತೀರ್ಣದ ಚದರ ಮೀಟರಿಗೆ 6 ಮಿಗ್ರಾಂ. 162 ಸೆಂಮೀ ಎತ್ತರ, 50 ಕೆಜಿ ತೂಕದವರ ವಿಸ್ತೀರ್ಣ 1.5, ಅಂದರೆ 9 ಮಿಗ್ರಾಂ: ದ್ರಾವಣ 4.5 ಮಿಲಿ, ಉಳಿದ 25.5 ಮಿಲಿ 5% ಡೆಕ್ಸ್‌ಟ್ರೋಸ್. ಅಭ್ಯಾಸಬಲದಿಂದ ಸಲೈನ್ ಎಳೆದರೆ ಔಷಧಿ ಗಸಿ ಕಟ್ಟುತ್ತದೆ, ಅಷ್ಟೂ ಚೆಲ್ಲಬೇಕು.

ಒಟ್ಟು 30 ಮಿಲಿ, 10 ನಿಮಿಷದಲ್ಲಿ. ಮೊಣಕೈ ಮಡಿಕೆಯ ದಪ್ಪ ರಕ್ತನಾಳವೇ ಬೇಕು. ಅಂಗೈ ಹಿಂದಿನ ಸಣ್ಣ ರಕ್ತನಾಳದಲ್ಲಿ ಔಷಧಿ ಹೊರಗೆ ಸೋರುವುದು ಹೆಚ್ಚು. ಸೋರಿದರೆ ಕೂಡಲೇ ನಿಲ್ಲಿಸಿ ತಣ್ಣೀರ ಪಟ್ಟಿ ಇಡಿ. ಊತ, ಬಣ್ಣ ಹೋಗುವವರೆಗೆ ಆ ಜಾಗ ಬೆಳಕಿಗೆ ತೆರೆಯಬಾರದು. ನಡುವೆ ಕೆಲವರಿಗೆ ಸೊಂಟ ಹಿಡಿದಂತಾಗುತ್ತದೆ, ಡ್ರಿಪ್ ಮುಗಿದರೆ ಸಾಮಾನ್ಯವಾಗಿ ಬಿಡುತ್ತದೆ.

ಗಡಿಯಾರ ಒತ್ತುವುದು ಡ್ರಿಪ್ ಶುರುವಾದಾಗ, ಮುಗಿದಾಗಲ್ಲ. 15ನೇ ನಿಮಿಷಕ್ಕೆ ಲೇಸರ್: 689 ನ್ಯಾನೋಮೀಟರ್, ಚದರ ಸೆಂಟಿಮೀಟರಿಗೆ 600 ಮಿಲಿವ್ಯಾಟ್, 83 ಸೆಕೆಂಡ್, ಸೇರಿ ಚದರ ಸೆಂಟಿಮೀಟರಿಗೆ 50 ಜೂಲ್. ಲೇಸರ್ ಬೀಳುವ ಸ್ಪಾಟ್ ರೆಟಿನಾದ ಗಾಯದ ಅತಿ ಉದ್ದದ ಅಳತೆಗಿಂತ 1000 ಮೈಕ್ರಾನ್ ದೊಡ್ಡದು, ಡಿಸ್ಕ್ (ಕಣ್ಣಿನ ನರ ಹೊರಡುವ ಜಾಗ) ಅಂಚಿನಿಂದ 200 ಮೈಕ್ರಾನ್ ದೂರ. ಕಾಂಟ್ಯಾಕ್ಟ್ ಲೆನ್ಸಿನ ಮ್ಯಾಗ್ನಿಫಿಕೇಶನ್ ಮೆಷಿನ್ನಿಗೆ ಸರಿಯಾಗಿ ಕೊಡದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಇದು ಸುಡದ ಕೋಲ್ಡ್ ಲೇಸರ್, ಹಳೆಯ ಲೇಸರಿನಂತೆ ರೆಟಿನಾ ಬೆಳ್ಳಗಾಗುವುದಿಲ್ಲ. ಏನೂ ಕಾಣಲಿಲ್ಲವೆಂದು ಹೊಸಬರು ಇನ್ನೊಮ್ಮೆ ಹೊಡೆಯಲು ಹೋಗುತ್ತಾರೆ, ಬೇಡ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಶುರುಮಾಡಲೇಬಾರದು. 83 ಸೆಕೆಂಡಿನ ಮಧ್ಯೆ ಕರೆಂಟ್ ಹೋದರೆ ಔಷಧಿ ಕಾಯುವುದಿಲ್ಲ.

ಮನೆಗೆ ಕಳಿಸುವಾಗ ಮಾತು ಜಾಸ್ತಿ ಬೇಕು. ಐದು ದಿನ ನೇರ ಬಿಸಿಲು ಬೇಡ: ಅಂಗಳದಲ್ಲಿ ಅಡಿಕೆ ಹರವುವುದು, ತೋಟಕ್ಕೆ ಹೋಗುವುದು ಎರಡೂ ಇಲ್ಲ. ‘ಮೋಡ ಐತಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಮೋಡದಾಚೆಗಿಂದಲೂ ಬೆಳಕು ಬರುತ್ತದೆ. ಔಷಧಿ ಚುರುಕಾಗುವುದು ಕಣ್ಣಿಗೆ ಕಾಣುವ ಬೆಳಕಿಗೇ ಆದ್ದರಿಂದ ಸನ್‌ಸ್ಕ್ರೀನ್ ಹಚ್ಚಿ ಪ್ರಯೋಜನವಿಲ್ಲ. ತುಂಬುತೋಳಿನ ಬಟ್ಟೆ, ಟೋಪಿ, ಕಪ್ಪು ಕನ್ನಡಕ. ತೀರ್ಥಹಳ್ಳಿ ಬಸ್ಸಿನಲ್ಲಿ ಕಿಟಕಿ ಬದಿ ಸೀಟು ಬಿಟ್ಟು ಕೂರಲಿ. ಹಾಗಂತ ಕತ್ತಲೆ ಕೋಣೆಯೂ ಸಲ್ಲ. ಮನೆಯೊಳಗಿನ ಸಾಧಾರಣ ಬೆಳಕೇ ಚರ್ಮದಲ್ಲಿ ಉಳಿದ ಔಷಧಿಯನ್ನು ನಿಧಾನಕ್ಕೆ ಸಾಯಿಸುತ್ತದೆ. ಹಲ್ಲಿನ ಡಾಕ್ಟರ ದೀಪ, ಹ್ಯಾಲೊಜೆನ್ ಬಲ್ಬು ಮಾತ್ರ ದೂರ.

ವಾರದೊಳಗೆ ಚಾರ್ಟ್‌ನಲ್ಲಿ ನಾಲ್ಕು ಸಾಲಿನಷ್ಟು ದೃಷ್ಟಿ ಇಳಿದರೆ ಅದೇ ದಿನ ಬರಬೇಕು. ಅಂಥ ಕಣ್ಣಿಗೆ ದೃಷ್ಟಿ ಮರಳುವವರೆಗೆ ಮತ್ತೆ ಪಿಡಿಟಿ ಕೊಡುವುದಿಲ್ಲ.