ಸೆನ್ಸರ್ ಕಾರ್ಯಾಗಾರ: ಓವನ್ನಿನ 24 ಗಂಟೆ ಮರೆತು ವೇಳಾಪಟ್ಟಿ ಹಾಕಬೇಡಿ

ಕೃಷಿ ಅಧ್ಯಾಪಕರಿಗಾಗಿ ನಡೆಯುವ ಅಂತರರಾಷ್ಟ್ರೀಯ ಸ್ಮಾರ್ಟ್ ತಂತ್ರಜ್ಞಾನ ತರಬೇತಿಗಳಲ್ಲಿ ಮಣ್ಣಿನ ತೇವಾಂಶ ಸೆನ್ಸರನ್ನು ನೀರಿನ ಲೋಟಕ್ಕೆ ಅದ್ದುತ್ತಾರೆ, ಮೊಬೈಲಿನಲ್ಲಿ ಶೇ 100 ಬರುತ್ತದೆ, ಚಪ್ಪಾಳೆ ಬೀಳುತ್ತದೆ. ಅದೇ ಸೆನ್ಸರ್ ಎರೆಹೊಲಕ್ಕೆ ಇಳಿದ ಮೇಲೆ ತೋರಿಸುವ ಅಂಕಿಗೂ ನೆಲದಲ್ಲಿರುವ ನೀರಿಗೂ ತಾಳೆಯಾಗುವುದಿಲ್ಲ. ಕ್ಯಾಲಿಬ್ರೇಷನ್ನನ್ನು, ಅಂದರೆ ಸೆನ್ಸರಿನ ಅಂಕಿಯನ್ನು ಮಣ್ಣಿನ ನಿಜವಾದ ತೇವಾಂಶಕ್ಕೆ ಹೊಂದಿಸುವ ಕೆಲಸವನ್ನು, ಅರ್ಧ ಗಂಟೆಯಲ್ಲಿ ಮುಗಿಸಿರುವುದೇ ಇದಕ್ಕೆ ಕಾರಣ. ಅದನ್ನು ಮೂರು ದಿನಕ್ಕೆ ಹಂಚಿ.

ಮೊದಲು ಸಾಮಾನು. ನಾಲ್ಕು ಜನರಿಗೆ ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು), ಎರಡು ಕೆಪ್ಯಾಸಿಟಿವ್ ಸೆನ್ಸರ್ (ಲೋಹ ಮಣ್ಣಿಗೆ ತಾಗದಂತೆ ತೇವ ಅಳೆಯುವಂಥದ್ದು) ಸಾಕು. ಎರಡು ಲೋಹದ ಕಡ್ಡಿಗಳ ಅಗ್ಗದ ಸೆನ್ಸರ್ ಬೇಡವೇ ಬೇಡ, ಹೊಲದಲ್ಲಿ ಬಹುಬೇಗ ತುಕ್ಕು ತಿನ್ನುತ್ತದೆ. ಯುಎಸ್‌ಬಿ ಕೇಬಲ್ ಡೇಟಾ ಸಾಗಿಸುವಂಥದ್ದಿರಲಿ; ಬರೀ ಚಾರ್ಜಿಂಗ್ ಕೇಬಲ್ ಕೊಟ್ಟರೆ ಬೆಳಗಿನ ಅವಧಿಯೆಲ್ಲ ಅದರಲ್ಲೇ ಹೋಗುತ್ತದೆ. ಈ ಬೋರ್ಡಿಗೆ 5 ಗಿಗಾಹರ್ಟ್ಸ್ ವೈಫೈ ಕಾಣುವುದಿಲ್ಲ, ಲಾಗಿನ್ ಪುಟ ತೆರೆಯುವ ಕಾಲೇಜು ವೈಫೈಯೂ ಒಗ್ಗುವುದಿಲ್ಲ. 2.4 ಗಿಗಾಹರ್ಟ್ಸ್‌ನ ಸಣ್ಣ ರೂಟರ್ ಒಂದನ್ನು ಇಟ್ಟುಕೊಳ್ಳಿ. ಸೆನ್ಸರಿನ ಸಿಗ್ನಲ್ ತಂತಿ ಬೋರ್ಡಿನ ಜಿಪಿಐಒ 34 ಎಂಬ ಪಿನ್ನಿಗೆ ಹೋಗಲಿ. ವೋಲ್ಟೇಜನ್ನು ಅಂಕಿಯಾಗಿಸುವ ಪಿನ್‌ಗಳಲ್ಲಿ ಎಡಿಸಿ2 ಗುಂಪಿನವು ವೈಫೈ ಓಡುವಾಗ ಅಳೆಯುವುದಿಲ್ಲ.

ಸೆನ್ಸರುಗಳನ್ನು ಮೊದಲೇ ಪರೀಕ್ಷಿಸಿ ಆರಿಸಿಕೊಳ್ಳಿ. ಗಾಳಿಯಿಂದ ನೀರಿಗೆ ಅದ್ದಿದಾಗ ರೀಡಿಂಗ್ (ಶೇಕಡಾವಾರು ಅಲ್ಲ, ಬೋರ್ಡು ಓದುವ ಕಚ್ಚಾ ಅಂಕಿ) ತಕ್ಷಣ ಇಳಿಯಬೇಕು. ನಿಧಾನವಾಗಿ ಜಾರಿದರೆ ಪಕ್ಕಕ್ಕಿಡಿ. ಕಡಿಮೆ ವೋಲ್ಟಿನಲ್ಲೂ ನಡೆಯುವ ಟಿಎಲ್‌ಸಿ555 ಚಿಪ್ಪಿನ ಬದಲು ಎನ್‌ಇ555 ಚಿಪ್ ಹಾಕಿದ ಸೆನ್ಸರುಗಳೂ ಮಾರುಕಟ್ಟೆಯಲ್ಲಿವೆ, ಬೋರ್ಡಿನ 3.3 ವೋಲ್ಟಿನಲ್ಲಿ ಅವನ್ನು ನಂಬಬೇಡಿ. ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೀರದಂತೆ ಎಪಾಕ್ಸಿ ಅಥವಾ ನೇಲ್ ಪಾಲಿಶ್ ಬಳಿಯಿರಿ. ಬಳಿದ ಮೇಲೆ ರೀಡಿಂಗ್ ಬದಲಾಗುವುದರಿಂದ ಈ ಕೆಲಸ ಕ್ಯಾಲಿಬ್ರೇಷನ್ನಿಗೆ ಮುಂಚೆಯೇ ಆಗಬೇಕು.

ಮೊದಲ ದಿನ ಸಂಜೆ ಮಣ್ಣಿನ ಕೆಲಸ. ಕೆಂಪು ಮಣ್ಣು, ಎರೆಮಣ್ಣು ಎರಡನ್ನೂ ನೆರಳಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿಯಿರಿ. ಒಂದೊಂದು ಡಬ್ಬಕ್ಕೆ 2 ಕೆ.ಜಿ. ತೂಗಿ. ಕೆಂಪು ಮಣ್ಣಿಗೆ 100, 200, 300, 400 ಮಿ.ಲೀ., ಎರೆಮಣ್ಣಿಗೆ 200, 350, 500, 650 ಮಿ.ಲೀ. ನೀರು ಚಿಮುಕಿಸಿ, ಕೈಯಿಂದ ಗಂಟು ಒಡೆಯುತ್ತಾ ಕಲಸಿ. ಎಲ್ಲ ಡಬ್ಬದಲ್ಲೂ ಮಣ್ಣು 1.6 ಲೀಟರ್ ಗೆರೆಗೇ ನಿಲ್ಲುವಂತೆ ಒತ್ತಿ, ಪ್ಲಾಸ್ಟಿಕ್ ಹೊದಿಸಿ ರಾತ್ರಿಯಿಡೀ ಬಿಡಿ. ಆಗಲೇ ನೀರು ಸಮನಾಗಿ ಹರಡುವುದು. ಈ ರಾತ್ರಿಯನ್ನು ಉಳಿಸಲು ಹೋದರೆ ಒಂದೇ ಡಬ್ಬದಲ್ಲಿ ಮೂರು ಕಡೆ ಮೂರು ಅಂಕಿ ಬರುತ್ತದೆ.

ಎರಡನೇ ದಿನ ಸೆನ್ಸರನ್ನು ಅದರ ಮೇಲೆ ಗುರುತಿಸಿರುವ ಗೆರೆಯವರೆಗೆ ಮಾತ್ರ ನೆಡಿ, ಎಲೆಕ್ಟ್ರಾನಿಕ್ಸ್ ಇರುವ ಭಾಗ ಮೇಲೇ ಇರಲಿ. ಅಲ್ಲಾಡಿಸಬೇಡಿ. ಪಕ್ಕದಲ್ಲಿ ಕೂದಲೆಳೆಯಷ್ಟು ಗಾಳಿಸಂದು ಉಳಿದರೂ ಮಣ್ಣು ಇರುವುದಕ್ಕಿಂತ ಒಣಗಿದೆ ಎಂದೇ ತೋರಿಸುತ್ತದೆ. ಮೂರು ಜಾಗದ ಸರಾಸರಿ ಬರೆಯಿರಿ. ನೀರು ಹೆಚ್ಚಿದಂತೆ ಅಂಕಿ ಇಳಿಯುತ್ತದೆ, ಇದು ಕೆಪ್ಯಾಸಿಟಿವ್ ಸೆನ್ಸರಿನ ಸ್ವಭಾವ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ಜನ ತಂತಿ ಬಿಚ್ಚಲು ಶುರುಮಾಡುತ್ತಾರೆ. ಕೂಡಲೇ ಅದೇ ಜಾಗದಿಂದ 50 ಗ್ರಾಂ ಮಣ್ಣು ಅಲ್ಯೂಮಿನಿಯಂ ಡಬ್ಬಿಗೆ ತೆಗೆದು ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 24 ಗಂಟೆ ಇಡಿ. ಕಾವಲಿಯ ಮೇಲೆ ಹುರಿಯುವ ಅಡ್ಡದಾರಿ ಬೇಡ: ಸಾವಯವ ಅಂಶ ಸುಟ್ಟು, ಅದರ ತೂಕವೂ ನೀರಿನ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ಸಂಜೆ ಹಾಕಿದ ಮಿ.ಲೀ. ಲೆಕ್ಕವನ್ನೇ ತೇವಾಂಶ ಎಂದು ಬರೆಯುವುದೂ ತಪ್ಪು. ನೆರಳಲ್ಲಿ ಒಣಗಿದ ಎರೆಮಣ್ಣಲ್ಲೂ ನೀರು ಉಳಿದಿರುತ್ತದೆ.

ಮೂರನೇ ದಿನ ಲೆಕ್ಕ. 50 ಗ್ರಾಂ ಮಣ್ಣು 40ಕ್ಕೆ ಇಳಿದರೆ ಹೋದ ನೀರು 10. ಅದನ್ನು ಒಣ ತೂಕದಿಂದ ಭಾಗಿಸಬೇಕು: 10÷40, ಅಂದರೆ ಶೇ 25. ಹೆಚ್ಚಿನವರು 50ರಿಂದ ಭಾಗಿಸಿ ಶೇ 20 ಎನ್ನುತ್ತಾರೆ. ಇದನ್ನು ಡಬ್ಬದ ಒಣಮಣ್ಣಿನ ಸಾಂದ್ರತೆಯಿಂದ ಗುಣಿಸಿ. ಸಾಂದ್ರತೆ (ಒಣ ತೂಕ ÷ ಗಾತ್ರ) ಲೀಟರಿಗೆ 1.25 ಕೆ.ಜಿ. ಇದ್ದರೆ ಗಾತ್ರದ ಲೆಕ್ಕದಲ್ಲಿ ಶೇ 31.25. ಎರೆಮಣ್ಣು ಉಬ್ಬಿ 1.6 ಲೀಟರ್ ಗೆರೆ ದಾಟಿದ್ದರೆ ಹೊಸ ಗಾತ್ರ ಹಿಡಿದು ಸಾಂದ್ರತೆ ತೆಗೆಯಿರಿ. ಸೆನ್ಸರಿನ ಅಂಕಿಗೆ ಎದುರಾಗಿ ಈ ತೇವಾಂಶವನ್ನು ಗುರುತಿಸಿ ಗ್ರಾಫ್ ಎಳೆಯಿರಿ, ಎರಡು ಮಣ್ಣಿಗೆ ಎರಡು ಬೇರೆ ಗ್ರಾಫ್. ಒಂದೇ ಗೆರೆಗೆ ಎರಡನ್ನೂ ಸೇರಿಸಬೇಡಿ.

ವಿದೇಶಿ ಅಧ್ಯಾಪಕರಿಗೆ ತಮ್ಮ ಊರಿನ ಮಣ್ಣು ತರಲು ಹೇಳಬೇಡಿ, ಪರವಾನಗಿಯಿಲ್ಲದೆ ಭಾರತಕ್ಕೆ ಮಣ್ಣು ತರುವಂತಿಲ್ಲ. ಸುಡಾನಿನ ಗೆಜೀರಾದಲ್ಲೂ ಇಥಿಯೋಪಿಯದಲ್ಲೂ ನಮ್ಮ ಎರೆಯಂತೆ ಬಿರಿಯುವ ಕಪ್ಪು ಮಣ್ಣಿದೆ, ಆದರೂ ರಾಯಚೂರಿನ ಎರೆಮಣ್ಣಿಗೆ ಎಳೆದ ಗ್ರಾಫ್ ಅಲ್ಲಿಗೆ ನಡೆಯುವುದಿಲ್ಲ. ಲೋರಾ ರೇಡಿಯೊ (ಕಡಿಮೆ ವಿದ್ಯುತ್ತಿನಲ್ಲಿ ಸೆನ್ಸರಿನ ಅಂಕಿಯನ್ನು ದೂರಕ್ಕೆ ಕಳಿಸುವ ಸಾಧನ) ಕಲಿಸುವುದಾದರೆ ಅವರವರ ದೇಶದ ಆವರ್ತನವನ್ನೂ ಕೇಳಿ ತಿಳಿಯಿರಿ: ನಮ್ಮಲ್ಲಿ 865 ಮೆಗಾಹರ್ಟ್ಸ್‌ನಿಂದ ಶುರುವಾಗುವ ಪಟ್ಟಿ, ಯುರೋಪಿನಲ್ಲಿ 868, ಅಮೆರಿಕದಲ್ಲಿ 915 ಮೆಗಾಹರ್ಟ್ಸ್. ಆಂಟೆನಾ ಸಿಕ್ಕಿಸದೆ ಮಾಡ್ಯೂಲಿಗೆ ವಿದ್ಯುತ್ ಕೊಡಬಾರದು, ಸುಟ್ಟುಹೋಗಬಹುದು.

ಹೊರಡುವಾಗ ಪ್ರತಿಯೊಬ್ಬರಿಗೂ ಎರಡು ಸೆನ್ಸರ್, ಡೇಟಾ ಕೇಬಲ್, ಆರು ಅಲ್ಯೂಮಿನಿಯಂ ಡಬ್ಬಿ, ಲೆಕ್ಕದ ಹಾಳೆ ಕೊಡಿ. ಹಾಳೆಯ ಅಂಕಣಗಳು ಖಾಲಿಯಿರಲಿ, ಅವರು ತಮ್ಮ ಮಣ್ಣಿನ ಅಂಕಿಯನ್ನೇ ತುಂಬಬೇಕು.