ಮೆಟಲ್ ಡಿಟೆಕ್ಟರಿಗೆ ಎಷ್ಟು ಇಂಚಿನ ಕಾಯಿಲ್ ಬೇಕು?

ಮೆಟಲ್ ಡಿಟೆಕ್ಟರ್ ಕೊಂಡವರು ಮೊದಲು ಕೇಳುವ ಪ್ರಶ್ನೆ, ಇದು ಎಷ್ಟು ಆಳದವರೆಗೆ ಹಿಡಿಯುತ್ತದೆ ಎಂಬುದು. ಆದರೆ ಕಾಯಿಲ್ (ಕೋಲಿನ ತುದಿಯಲ್ಲಿದ್ದು ನೆಲದ ಮೇಲೆ ಆಡಿಸುವ, ಒಳಗೆ ತಂತಿಸುರುಳಿಯಿರುವ ತಟ್ಟೆ) ಆರಿಸುವಾಗ ಆಳಕ್ಕಿಂತ ಮೊದಲು ನೋಡಬೇಕಾದದ್ದು, ಹುಡುಕುವ ನೆಲದಲ್ಲಿ ಕಬ್ಬಿಣದ ಕಸ ಎಷ್ಟಿದೆ ಎಂಬುದನ್ನು.

ಹೆಚ್ಚಿನ ಯಂತ್ರಗಳ ಜೊತೆ 8ರಿಂದ 11 ಇಂಚಿನ ಕಾಯಿಲ್ ಬರುತ್ತದೆ. ನಾಣ್ಯದಷ್ಟು ದೊಡ್ಡ ವಸ್ತು ಸುಮಾರು ಕಾಯಿಲಿನ ವ್ಯಾಸದಷ್ಟು ಆಳದವರೆಗೆ ಸಿಗುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕವಷ್ಟೆ. ಕಾಯಿಲ್ ದೊಡ್ಡದಾದಂತೆ ಈ ಲೆಕ್ಕ ತಪ್ಪುತ್ತದೆ. ದೊಡ್ಡ ಕಾಯಿಲಿನ ಕಾಂತಕ್ಷೇತ್ರ ಅಗಲವಾಗಿ ಹರಡಿಕೊಳ್ಳುವುದರಿಂದ ಆಳದಲ್ಲಿರುವ ಕೊಡದಂಥ ದೊಡ್ಡ ವಸ್ತು ಅದಕ್ಕೆ ಸಿಕ್ಕೀತು, ಆದರೆ ಮೂಗುಬೊಟ್ಟಿನಂಥ ಸಣ್ಣದು ಮೇಲೆಯೇ ಬಿದ್ದಿದ್ದರೂ ತಪ್ಪಿಸಿಕೊಳ್ಳಬಹುದು.

ಇಂಗ್ಲೆಂಡಿನಲ್ಲಿ ಒಡೆಯರ ಒಪ್ಪಿಗೆ ಪಡೆದು ಉತ್ತ ಹೊಲಗಳಲ್ಲಿ ಹುಡುಕುವವರನ್ನು ಹೆಚ್ಚು ಕಾಡುವುದು ಹಳೆಯ ಮೊಳೆಗಳು. ಮೊಳೆಯೂ ನಾಣ್ಯವೂ ಒಟ್ಟಿಗೆ ಕಾಯಿಲಿನ ಕೆಳಗೆ ಬಂದಾಗ ಕಬ್ಬಿಣದ ಸಂಕೇತ ನಾಣ್ಯದ ಸಂಕೇತವನ್ನು ಮುಚ್ಚಿಹಾಕುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಲೋಹವಿಲ್ಲದ ಹಲಗೆಯ ಮೇಲೆ 1992ಕ್ಕಿಂತ ಹಿಂದಿನ ಒಂದು ಬ್ರಿಟಿಷ್ ಪೆನ್ನಿ ನಾಣ್ಯವನ್ನಿಟ್ಟು (ಅದು ಕಂಚಿನದು, ಈಗಿನದು ತಾಮ್ರ ಲೇಪಿಸಿದ ಉಕ್ಕು, ಪರೀಕ್ಷೆಗೆ ಬಾರದು) ನಾಲ್ಕು ಇಂಚು ದೂರದಲ್ಲಿ ಒಂದು ಮೊಳೆಯನ್ನಿಡಿ. ಯಂತ್ರ ಕಬ್ಬಿಣಕ್ಕೆ ಸದ್ದು ಮಾಡದೆ ಬಿಡುವ ಸೆಟ್ಟಿಂಗ್ ಹಾಕಿ, ಮೊದಲು 11 ಇಂಚಿನ, ಅನಂತರ 6 ಇಂಚಿನ ಕಾಯಿಲನ್ನು ಒಂದೇ ಎತ್ತರದಲ್ಲಿ ಆಡಿಸಿ. ದೊಡ್ಡದು ತಡವರಿಸುವ ಕಡೆ ಚಿಕ್ಕದು ನಾಣ್ಯವನ್ನು ಬೇರೆಯಾಗಿ ಕೇಳಿಸುವ ಸಂಭವ ಹೆಚ್ಚು. ಮೊಳೆಯನ್ನು ತುಸು ತುಸುವೇ ಹತ್ತಿರಕ್ಕೆ ಸರಿಸಿದರೆ ಪ್ರತಿಯೊಂದು ಕಾಯಿಲಿನ ಮಿತಿ ಎಲ್ಲಿದೆಯೆಂದು ತಿಳಿಯುತ್ತದೆ.

ನೆಲದ ಖನಿಜಾಂಶವೂ ಮುಖ್ಯ. ನಮ್ಮ ಕಡೆಯ ಕೆಂಪು ಮಣ್ಣಿನಂತೆ ಕಬ್ಬಿಣಾಂಶವಿರುವ ನೆಲದಲ್ಲಿ ದೊಡ್ಡ ಕಾಯಿಲ್ ಒಮ್ಮೆಗೇ ಹೆಚ್ಚು ಮಣ್ಣನ್ನು ‘ನೋಡುವುದರಿಂದ’ ಗದ್ದಲವೂ ಹೆಚ್ಚು. ಅಂಥಲ್ಲಿ ಚಿಕ್ಕ ಅಳತೆಯ ಡಬಲ್-ಡಿ ಕಾಯಿಲ್ (ಒಳಗೆ D ಆಕಾರದ ಎರಡು ಸುರುಳಿಗಳಿರುವುದು) ಮೇಲು. 13 ಇಂಚು ಮೀರಿದ ಕಾಯಿಲ್ ಕಸವಿಲ್ಲದ ಬಯಲಿಗೆ ಸರಿ, ಆದರೆ ಅದರ ತೂಕವೆಲ್ಲ ಕೋಲಿನ ತುದಿಯಲ್ಲಿರುವುದರಿಂದ ಒಂದೆರಡು ಗಂಟೆಗಳಲ್ಲೇ ತೋಳು ಸೋಲುತ್ತದೆ. ಬೆಳೆ ಕೊಯ್ದ ಕೂಳೆಗಳ ನಡುವೆ 5×10 ಇಂಚಿನ ಅಂಡಾಕಾರದ ಕಾಯಿಲ್ ಸಲೀಸಾಗಿ ಓಡಾಡುತ್ತದೆ.

ಕೊಳ್ಳುವ ಮೊದಲು ಕಾಯಿಲ್ ನಿಮ್ಮ ಯಂತ್ರದ ಮಾದರಿಗೇ ಮಾಡಿದ್ದೆಂದು ಖಚಿತಪಡಿಸಿಕೊಳ್ಳಿ. ಪ್ಲಗ್ ಕೂತ ಮಾತ್ರಕ್ಕೆ ಕಾಯಿಲ್ ಹೊಂದಿತೆಂದಲ್ಲ. ಬದಲಿಸಿದ ಮೇಲೆ ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಬೇಕು, ಸಡಿಲವಿದ್ದರೆ ಅದು ಅಲುಗಾಡಿದಾಗಲೆಲ್ಲ ಸುಳ್ಳು ಸಂಕೇತ ಬರುತ್ತದೆ. ಗ್ರೌಂಡ್ ಬ್ಯಾಲೆನ್ಸನ್ನೂ (ನೆಲದ ಖನಿಜಕ್ಕೆ ಯಂತ್ರ ಸದ್ದು ಮಾಡದಂತೆ ಹೊಂದಿಸುವುದು) ಮತ್ತೆ ಮಾಡಿಕೊಳ್ಳಬೇಕು.

ಯಂತ್ರದ ಜೊತೆ ಬಂದದ್ದರ ಮೇಲೆ ಇನ್ನೊಂದನ್ನೇ ಕೊಳ್ಳುವುದಾದರೆ ನಾನು 6 ಇಂಚಿನದನ್ನೇ ಹೇಳುತ್ತೇನೆ. ಅದು ಒಂದು ಬೀಸಿಗೆ ಆವರಿಸುವ ನೆಲ ಕಡಿಮೆಯಾದ್ದರಿಂದ, ಪ್ರತಿಯೊಂದು ಬೀಸೂ ಹಿಂದಿನದರ ಅರ್ಧದ ಮೇಲಾದರೂ ಹಾಯುವಂತೆ ನಿಧಾನವಾಗಿ ಹೆಜ್ಜೆ ಇಡಬೇಕಾಗುತ್ತದೆ.